ಹಿನ್ನೀರಿನ ದಡಕ್ಕೆ ದೋಣಿಯನ್ನು ಬಿಗಿಯಾಗಿ ಕಟ್ಟಬೇಡಿ

ಬಾಗಲಕೋಟೆ ಕಡೆ ಆಲಮಟ್ಟಿ ಹಿನ್ನೀರಿನಲ್ಲಿ ದೋಣಿ ಇಟ್ಟವರು, ಇಡಬೇಕು ಅಂದುಕೊಂಡವರು ದಯವಿಟ್ಟು ಇದನ್ನು ಓದಿ. ಹೋದ ನವೆಂಬರ್‌ನಲ್ಲಿ ನನ್ನ ಹಾಯಿದೋಣಿ ಎಂಟೇ ದಿನದಲ್ಲಿ ಹಾಳಾಯಿತು. ಗಾಳಿ ಮಳೆ ಏನೂ ಇರಲಿಲ್ಲ. ನೀರು ಇಳಿಯಿತು, ಅಷ್ಟೇ.

ಹದಿನಾರು ಅಡಿಯ ಫೈಬರ್ ದೋಣಿ ಅದು. ಹೊನ್ನಾವರದಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದಿದ್ದೆ. ಆಗ ಸೆಪ್ಟೆಂಬರ್, ಜಲಾಶಯ ಸಮುದ್ರಮಟ್ಟದಿಂದ 519.60 ಮೀಟರ್‌ವರೆಗೆ, ಅಂದರೆ ಪೂರ್ತಿ ತುಂಬಿತ್ತು. ಹಳೇ ಊರಿನ ಮಗ್ಗುಲಿಗೇ ನೀರು ಬಂದು ನಿಂತಿತ್ತು. ದಡದಲ್ಲಿದ್ದ ಒಬ್ಬರು "ಇಲ್ಲೇ ಕಟ್ರಿ, ನಾ ನೋಡ್ಕೋತೀನಿ" ಅಂದರು. ತಿಂಗಳಿಗೆ ಇಷ್ಟು ಅಂತ ದುಡ್ಡೂ ಕೊಟ್ಟೆ. ಮುಂದಿನ ಹಗ್ಗ ಬಳ್ಳಾರಿ ಜಾಲಿಗೆ, ಹಿಂದಿನದು ಗೂಟಕ್ಕೆ. ಎರಡೂ ಬಿಗಿ. ಅಲುಗಾಡದಿದ್ದರೆ ಭದ್ರ ಅಂತ ನನ್ನ ಲೆಕ್ಕ. ಮೀನು ಹಿಡಿಯುವ ಅಜ್ಜಾರೊಬ್ಬರು ನಿಂತು ನೋಡಿ, "ತಮ್ಮಾ, ಇಷ್ಟು ಬಿಗಿ ಬ್ಯಾಡ, ನೀರು ಇಳೀತೈತಿ" ಅಂದಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ವಾರಕ್ಕೊಮ್ಮೆ ಹೋಗಿ ದೋಣಿಯನ್ನು ಮುಂದಕ್ಕೆ ತಳ್ಳಿ ಕಟ್ಟಿ ಬರುತ್ತಿದ್ದೆ. ಬೆಳಗಾವಿಯಲ್ಲಿ ಮದುವೆ ಅಂತ ಒಂದು ವಾರ ತಪ್ಪಿತು. ನೋಡಿಕೊಳ್ಳುತ್ತೇನೆ ಅಂದವರು ಆ ಕಡೆ ಸುಳಿದೇ ಇರಲಿಲ್ಲ. ಕಾಲುವೆಗಳಿಗೆ ನೀರು ಹೋಗುತ್ತಿತ್ತು. ನಮ್ಮ ದಡ ಎಷ್ಟು ಸಪಾಟು ಅಂದರೆ, ನೀರು ಒಂದು ಗೇಣು ಇಳಿದರೆ ಅಂಚು ಹತ್ತಾರು ಹೆಜ್ಜೆ ಹಿಂದೆ ಸರಿಯುತ್ತದೆ.

ಹೋಗಿ ನೋಡಿದರೆ ದೋಣಿಯ ಮೂತಿ ಹಗ್ಗಕ್ಕೆ ಜೋತುಬಿದ್ದಿತ್ತು. ಹಿಂಭಾಗ ಕೆಸರಿನಲ್ಲಿ ಹೂತಿತ್ತು. ಹಗ್ಗ ಮುಟ್ಟಿದರೆ ಕಬ್ಬಿಣದ ಸರಳಿನ ಹಾಗೆ ಗಟ್ಟಿ. ಹೊಟ್ಟೆಯ ಕೆಳಗೆ ಒಂದು ಕಲ್ಲು, ನೀಟಾಗಿ ಕಡಿದ ಪಾಯದ ಕಲ್ಲು. ಮುಳುಗಡೆಗೆ ಮೊದಲು ಅಲ್ಲಿ ಯಾರದೋ ಮನೆ ಇತ್ತು. ದೋಣಿಯ ಭಾರವೆಲ್ಲ ಅದರ ಮೇಲೆ ಬಿದ್ದು ತಳ ಎರಡು ಗೇಣು ಸೀಳಿತ್ತು. ಫೈಬರ್ ಎಳೆಗಳು ತೆಂಗಿನ ನಾರಿನ ಹಾಗೆ ಹೊರಗೆ ಬಂದಿದ್ದವು. ತಳದಿಂದ ನೀರಿಗೆ ಇಳಿಬಿಡುವ ನಡುವಿನ ಹಲಗೆಯನ್ನು ಮೇಲೆತ್ತದೆ ಬಿಟ್ಟಿದ್ದೆ, ಅದೂ ಮುರಿದಿತ್ತು. ಗಾಬರಿಯಲ್ಲಿ ಟ್ರ್ಯಾಕ್ಟರ್ ಕರೆಸಿ ಎಳೆಸಿದೆ, ಮುಂದಿನ ಕೊಂಡಿಯೇ ಕಿತ್ತು ಬಂತು. ದಯವಿಟ್ಟು ನೀವು ಹಾಗೆ ಎಳೆಸಬೇಡಿ. ಎರೆಮಣ್ಣು ತಳವನ್ನು ಕಚ್ಚಿ ಹಿಡಿದಿರುತ್ತದೆ. ಮೊದಲು ಸುತ್ತ ಮಣ್ಣು ತೋಡಿ, ನೀರು ಬಿಟ್ಟು ಸಡಿಲ ಮಾಡಬೇಕು. ರಿಪೇರಿಗೆ 42 ಸಾವಿರ ಹೋಯಿತು.

ದೋಣಿ ಮಾರಿದ ಹೊನ್ನಾವರದ ಗೆಳೆಯನಿಗೆ ಫೋನ್ ಮಾಡಿದೆ. ಅವರ ಕಡೆ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ದಿನಾ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ಜಾಸ್ತಿ. ಹಾಗಾಗಿ ಅವರು ದಡಕ್ಕೆ ಕಟ್ಟುವಾಗ ಉದ್ದ ಹಗ್ಗ ಬಿಡುತ್ತಾರೆ, ಅತಿ ಕಡಿಮೆ ನೀರಿದ್ದಾಗ ತಳದಲ್ಲಿ ಏನಿದೆ ಅಂತ ಮೊದಲೇ ನೋಡಿರುತ್ತಾರೆ. ನಮ್ಮಲ್ಲಿ ಇಳಿತ ವರ್ಷಕ್ಕೊಂದೇ, ತಿಂಗಳುಗಟ್ಟಲೆ. ನಿಧಾನ ಅಂತಲೇ ಮೈಮರೆಯುತ್ತೇವೆ, ಅಲ್ವಾ?

ಜಾಗವನ್ನು ಸೆಪ್ಟೆಂಬರ್‌ನಲ್ಲಿ ಆರಿಸಬೇಡಿ, ಮೇ ತಿಂಗಳಲ್ಲಿ ನಡೆದು ನೋಡಿ ಆರಿಸಿ. ಗೋಡೆ, ಬಾವಿ, ಜಾಲಿಯ ಬೊಡ್ಡೆ ಎಲ್ಲ ಆಗ ಕಾಣುತ್ತವೆ. ದಡ ಬಿಟ್ಟು ಆಳದಲ್ಲಿ ಲಂಗರು ಹಾಕುವುದೇ ಒಳ್ಳೆಯದು. ಹಗ್ಗ ಆಳದ ಐದರಿಂದ ಏಳು ಪಟ್ಟು ಇರಲಿ. ದೋಣಿ ಸುತ್ತ ತಿರುಗುವಷ್ಟು ಜಾಗದ ಆಳವನ್ನೂ ಬಿದಿರಿನ ಗಳದಿಂದ ಅಳೆಯಿರಿ. ಹಲಗೆ, ಚುಕ್ಕಾಣಿ ಎತ್ತಿಡಿ. ಊರಿಗೆ ಹೋಗುವುದಿದ್ದರೆ ಬೇರೆಯವರ ಮಾತು ನಂಬಿ ಬಿಡಬೇಡಿ, ದೋಣಿಯನ್ನು ಮೇಲಕ್ಕೆ ತಂದು ಇಡಿ. ಕೆಸರಲ್ಲಿ ಕೂತ ದೋಣಿಯನ್ನು ಜುಲೈವರೆಗೆ ಸುಮ್ನೆ ಬಿಟ್ಟರೂ ಅಪಾಯವೇ. ನೀರು ಏರುವಾಗ ಅದು ಮಣ್ಣು ಬಿಟ್ಟು ಏಳುವ ಮೊದಲೇ ಒಳಗೆ ತುಂಬಿಕೊಳ್ಳಬಹುದು.

ಆ ಪಾಯದ ಕಲ್ಲು ಇನ್ನೂ ಅಲ್ಲೇ ಇದೆ. ಈ ಮೇ ತಿಂಗಳಲ್ಲಿ ಅದರ ಪಕ್ಕ ಉದ್ದನೆಯ ಬಿದಿರು ನೆಟ್ಟು ಕೆಂಪು ಬಟ್ಟೆ ಕಟ್ಟುತ್ತೇನೆ. ಆ ಕಡೆ ದೋಣಿ ಇಡುವವರಿದ್ದರೆ ಹೇಳಿ, ಜೊತೆಗೆ ಬಂದು ತೋರಿಸುತ್ತೇನೆ.