ಹೈ ಕಿಕ್‌ಗೆ ಯಾವುದು ಒಳ್ಳೆಯದು: ಮಷಿನ್, ಸ್ಪ್ಲಿಟ್, ಯೋಗ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಯೋಗಕ್ಕೆ. ಕರಾಟೆಯ ಕುಮಿತೆಯಲ್ಲಿ, ಅಂದರೆ ಇಬ್ಬರು ಎದುರುಬದುರಾಗಿ ಆಡುವ ಪಂದ್ಯದಲ್ಲಿ, ಹೊಟ್ಟೆ, ಎದೆಗೆ ಬಿದ್ದ ಕಿಕ್‌ಗೆ 2 ಪಾಯಿಂಟ್, ತಲೆಗೆ ಬಿದ್ದದ್ದಕ್ಕೆ 3. ಆ ಮೂರರ ಆಸೆಗೇ ಕಾಲು ಅಗಲಿಸುವ ಮಷಿನ್ ತರಿಸಿದ್ದೆ.

ಮಷಿನ್‌ನಲ್ಲಿ ತಲೆನೋವು ತಂದಿದ್ದು ಅದರ ತೂತುಗಳು. ಪಟ್ಟಿ ಎಳೆದು ಪಿನ್ನನ್ನು ಒಂದು ತೂತಿಗೆ ಸಿಕ್ಕಿಸಬೇಕು. ಒಂದರಲ್ಲಿ ಏನೂ ಎಳೆಯುವುದಿಲ್ಲ, ಮುಂದಿನದರಲ್ಲಿ ಜೀವ ಹೋಗುತ್ತದೆ. ನಡುವೆ ನಿಲ್ಲಿಸುವ ಹಾಗೇ ಇಲ್ಲ.

ಸರಳು ಕಾಲನ್ನು ತಳ್ಳುವುದು ಪಾದದ ಗಂಟಿನ ಹತ್ತಿರ. ಹಾಗಾಗಿ ತೊಡೆಸಂದಿಗಿಂತ ಮೊದಲು ಮಂಡಿಯ ಒಳಬದಿ ಎಳೆಯುತ್ತದೆ. ನೋವಿಗೆ ಸೊಂಟ ಹಿಂದಕ್ಕೆ ಜಾರಿ ಬೆನ್ನು ಗೂನಾಗುತ್ತದೆ. ಸೊಂಟ ಮುಂದಕ್ಕೆ ಬಾಗದಿದ್ದರೆ ತೊಡೆಮೂಳೆ ಕೀಲಿನ ಅಂಚಿಗೆ ತಾಗುತ್ತದೆ. ಅಲ್ಲಿಂದಾಚೆಗೆ ಎಷ್ಟು ಎಳೆದರೂ ಸುಮ್ನೆ.

ಗೋಡೆ ಪಕ್ಕ ಎರಡೂ ಕಾಲು ಪೂರ್ತಿ ಅಗಲಿಸಿ ಸ್ಪ್ಲಿಟ್ ಕೂರುವುದಕ್ಕೆ ಖರ್ಚಿಲ್ಲ. ಆದರೆ ಅಭ್ಯಾಸಕ್ಕೆ ಮೊದಲು ನಿಮಿಷಕ್ಕಿಂತ ಜಾಸ್ತಿ ಹಾಗೇ ಕೂತರೆ ಕಿಕ್‌ನ ಜೋರು ಕಡಿಮೆಯಾಗುತ್ತದೆ.

ಯೋಗದಲ್ಲಿ ನಾನು ಹಿಡಿದದ್ದು ಪಟ್ಟಾಭಿ ಜೋಯಿಸರು ಮೈಸೂರಿನಲ್ಲಿ ಕಲಿಸುತ್ತಿದ್ದ ಅಷ್ಟಾಂಗ ವಿನ್ಯಾಸ, ಅಂದರೆ ಉಸಿರಿಗೆ ತಕ್ಕಂತೆ ಒಂದರ ಹಿಂದೊಂದು ಆಸನ ಮಾಡುವ ಪದ್ಧತಿ. ಉಪವಿಷ್ಟ ಕೋಣಾಸನದಲ್ಲೂ ಕಾಲು ಅಗಲಿಸುವುದೇ, ಆದರೆ ಬಾಗುವುದು ಸೊಂಟದಿಂದ. ಶುರುವಿನಲ್ಲಿ ಕುಂಡಿ ಕೆಳಗೆ ಮಡಚಿದ ಕಂಬಳಿ ಇಟ್ಟುಕೊಂಡೆ. ಬೆನ್ನು ನೆಟ್ಟಗಾಯಿತು, ಎಳೆತ ತೊಡೆಸಂದಿಗೇ ಬಂತು. ಎಷ್ಟು ಬಾಗಬೇಕೆಂದು ಉಸಿರೇ ಹೇಳುತ್ತದೆ, ತೂತಿನ ಲೆಕ್ಕ ಇಲ್ಲ.

ನಿಜವಾದ ಲಾಭ ಸಿಕ್ಕಿದ್ದು ಉತ್ಥಿತ ಹಸ್ತ ಪಾದಾಂಗುಷ್ಠಾಸನದಲ್ಲಿ. ಒಂದೇ ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹೆಬ್ಬೆರಳು ಹಿಡಿದು ಮುಂದಕ್ಕೆ, ಆಮೇಲೆ ಪಕ್ಕಕ್ಕೆ ಚಾಚಬೇಕು. ಕೊನೆಗೆ ಮತ್ತೆ ಮುಂದಕ್ಕೆ ತಂದು ಕೈ ಬಿಟ್ಟು, ಐದು ಉಸಿರು ಕಾಲನ್ನು ಅಲ್ಲೇ ನಿಲ್ಲಿಸಬೇಕು. ಕೈ ಬಿಟ್ಟ ತಕ್ಷಣ ನನ್ನ ಕಾಲು ಧಡಕ್ಕನೆ ಇಳಿಯುತ್ತಿತ್ತು. ಕುಮಿತೆಯಲ್ಲಿ ಕಾಲು ಎತ್ತಿಕೊಡಲು ಯಾರೂ ಬರುವುದಿಲ್ಲ, ಅಲ್ವಾ? ಸಡಿಲವಾದರೆ ಸಾಲದು, ಎತ್ತಿ ಹಿಡಿಯುವ ಶಕ್ತಿಯೂ ಬೇಕು. ಮಷಿನ್, ಸ್ಪ್ಲಿಟ್ ಎರಡರಲ್ಲೂ ನನಗೆ ಸಿಗದಿದ್ದದ್ದು ಅದೇ. ಈಗ ಮವಾಶಿ ಗೇರಿ (ಪಕ್ಕದಿಂದ ಕಾಲು ಸುತ್ತಿಸಿ ಹೊಡೆಯುವ ಕಿಕ್) ಹೊಡೆಯುವಾಗ ಮೈ ಹಿಂದಕ್ಕೆ ವಾಲುವುದು ಎಷ್ಟೋ ಕಡಿಮೆಯಾಗಿದೆ.

ಅಷ್ಟಾಂಗದ ಮೊದಲ ಹಂತದ ಆಸನಗಳ ಸರಣಿಯಾದ ಪ್ರೈಮರಿ ಸೀರೀಸ್ ಪೂರ್ತಿ ಮಾಡಲು ಸುಮಾರು ಒಂದೂವರೆ ಗಂಟೆ ಬೇಕು. ಬೆಳಿಗ್ಗೆ ಬೇಗ ಏಳುವ ನನಗೆ ಸರಿ, ರಾತ್ರಿ ಪಾಳಿಯವರಿಗೆ ಕಷ್ಟ. ಅಂಥವರು ನಿಂತು ಮಾಡುವ ಆಸನಗಳಷ್ಟನ್ನೇ ಮಾಡಲಿ. ಕರಾಟೆ ಕ್ಲಾಸಿಗೆ ಮುಂಚೆ ಕಾಲು ಬೀಸಿ ಮೈ ಬಿಸಿ ಮಾಡಿಕೊಂಡರೆ ಸಾಕು. ಮಷಿನ್ ಅರ್ಧ ಬೆಲೆಗೆ ಮಾರಿದೆ, ಆ ದುಡ್ಡು ಯೋಗದ ಫೀಸಿಗೆ ಹೋಯಿತು.