ಗೇರ್‌ಕೇಸಿಗೆ ನೀರು ನುಗ್ಗುವ ಜಾಗ ಹುಡುಕಲು ಮಿಟಿವ್ಯಾಕ್ ಎಂವಿ 8500 ಕೈಪಂಪು

ದೋಣಿಯ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಎಂಜಿನ್ನಿನ ಗೇರ್‌ಕೇಸಿನಲ್ಲಿ (ನೀರಿನೊಳಗಿರುವ ಗೇರುಗಳ ಪೆಟ್ಟಿಗೆ) ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಎಂದರ್ಥ. ಎಲ್ಲಿಂದ ಹೋಯಿತು ಎಂಬುದನ್ನು ಬಣ್ಣ ಹೇಳುವುದಿಲ್ಲ. ಅಂದಾಜಿನ ಮೇಲೆ ಪ್ರೊಪೆಲ್ಲರ್ ಸೀಲ್ (ಶಾಫ್ಟಿನ ಸುತ್ತ ನೀರು ತಡೆಯುವ ರಬ್ಬರ್ ಬಳೆ) ಬದಲಿಸಿ, ಹೊಸ ಎಣ್ಣೆಯೂ ಬೆಳ್ಳಗಾದ ಮೇಲೆ ಮತ್ತೆ ಬಿಚ್ಚುವುದಕ್ಕಿಂತ ಮೊದಲೇ ಪ್ರೆಶರ್ ಹಾಕಿ ನೋಡುವುದು ಲೇಸು. ಆ ಕೆಲಸಕ್ಕೆ ಈ ಪಂಪು ಚೆನ್ನಾಗಿ ಒದಗುತ್ತದೆ.

ಕೊಳ್ಳುವಾಗ ನಂಬರ್ ನೋಡಿ. ಇದೇ ಕಂಪನಿಯ ಎಂವಿ 8000 ವ್ಯಾಕ್ಯೂಮ್ ಮಾತ್ರ ಎಳೆಯುತ್ತದೆ, ಅಂದರೆ ಒಳಗಿನ ಗಾಳಿಯನ್ನು ಹೀರುತ್ತದೆ ಅಷ್ಟೆ. 8500ರಲ್ಲಿ ಒತ್ತಡ, ವ್ಯಾಕ್ಯೂಮ್ ಎರಡೂ ಇವೆ, ನಮಗೆ ಎರಡೂ ಬೇಕು. ಗೇರ್‌ಕೇಸ್ ಓಡುವಾಗ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಎಂಜಿನ್ ನಿಲ್ಲಿಸಿದಾಗ ತಣ್ಣನೆ ನೀರಲ್ಲಿ ಅದು ಕುಗ್ಗಿ ಹೊರಗಿನದನ್ನು ಒಳಗೆ ಎಳೆಯುತ್ತದೆ. ಪ್ರೊಪೆಲ್ಲರ್ ಶಾಫ್ಟಿನಲ್ಲಿ ಸಾಮಾನ್ಯವಾಗಿ ಎರಡು ಸೀಲ್‌ಗಳಿರುತ್ತವೆ. ಹಲವು ಎಂಜಿನ್‌ಗಳಲ್ಲಿ ಒಂದರ ತುಟಿ (ಶಾಫ್ಟಿಗೆ ತಾಗುವ ಅಂಚು) ಎಣ್ಣೆಯ ಕಡೆಗೆ, ಇನ್ನೊಂದರದ್ದು ನೀರಿನ ಕಡೆಗೆ. ಒಳಗಿನ ಒತ್ತಡ ಎಣ್ಣೆಯ ಕಡೆಯ ತುಟಿಯನ್ನು ಶಾಫ್ಟಿಗೆ ಒತ್ತಿ ಹಿಡಿಯುವುದರಿಂದ ನೀರಿನ ಕಡೆಯದು ಸವೆದಿದ್ದರೂ ಪಂಪಿನ ಗೇಜು ಕದಲದು. ಅದು ಸಿಕ್ಕಿಬೀಳುವುದು ವ್ಯಾಕ್ಯೂಮ್‌ನಲ್ಲಿ.

ಗೇರ್‌ಕೇಸಿನ ಸ್ಕ್ರೂ ಜಾಗಕ್ಕೆ ಕೂರುವ ಅಡಾಪ್ಟರ್ ಬೇರೆ ಕೊಳ್ಳಬೇಕು, ಇದೊಂದು ಕೊರತೆ. ಸಣ್ಣ ಯಮಹಾಗಳಿಗೆ 8 ಮಿ.ಮೀ., ಮರ್ಕ್ಯುರಿಗೆ 3/8 ಇಂಚಿನದು. ಆದರೆ ಕಿಟ್‌ನಲ್ಲಿ ಬ್ರೇಕ್ ಎಣ್ಣೆಗೆಂದು ಕೊಟ್ಟಿರುವ ಜಾರ್ ಇಲ್ಲೂ ಉಪಯೋಗಕ್ಕೆ ಬರುತ್ತದೆ. ವ್ಯಾಕ್ಯೂಮ್ ಹಾಕುವಾಗ ಅದನ್ನು ನಡುವೆ ಜೋಡಿಸಿದರೆ ಉಳಿದ ಗೇರ್ ಆಯಿಲ್ ಪಂಪಿನೊಳಗೆ ಹೋಗುವುದಿಲ್ಲ.

ಮೊದಲು ಎಂಜಿನ್ನನ್ನು ನೆಟ್ಟಗೆ ಒಂದು ರಾತ್ರಿ ನಿಲ್ಲಿಸಿ, ಕೆಳಗಿನ ಸ್ಕ್ರೂ ತುಸು ಸಡಿಲಿಸಿ. ಬೇರ್ಪಟ್ಟ ನೀರು ಭಾರವಾದ್ದರಿಂದ ಅದೇ ಮೊದಲು ತೊಟ್ಟಿಕ್ಕುತ್ತದೆ. ಎಣ್ಣೆ ಪೂರ್ತಿ ಇಳಿಸಿ, ಕೆಳಗಿನ ಸ್ಕ್ರೂ ಹೊಸ ವಾಷರ್‌ನೊಂದಿಗೆ ಬಿಗಿದು, ಮೇಲಿನ ರಂಧ್ರಕ್ಕೆ ಅಡಾಪ್ಟರ್ ಹಾಕಿ. ಮೊದಲಿಗೆ 3ರಿಂದ 5 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಸಾಕು, ಒಮ್ಮೆಲೇ ಏರಿಸಬೇಡಿ. ಸಡಿಲ ಸೀಲ್ ಕಡಿಮೆ ಒತ್ತಡದಲ್ಲೇ ಸೋರಿ, ಹೆಚ್ಚಿಸಿದಾಗ ಮುಚ್ಚಿಕೊಳ್ಳುವುದುಂಟು. ಆಮೇಲೆ 10–12ಕ್ಕೆ ಏರಿಸಿ 5 ನಿಮಿಷ ಬಿಡಿ. ಕೆಲವು ಯಮಹಾ ಮ್ಯಾನ್ಯುಯಲ್‌ಗಳು 100 ಕಿಲೋಪಾಸ್ಕಲ್, ಅಂದರೆ ಸುಮಾರು 14.5 ಪಿಎಸ್‌ಐ ಹೇಳುತ್ತವೆ. ಅದನ್ನು ಮೀರಿದರೆ ಒಳ್ಳೆಯ ಸೀಲೂ ಜಾಗ ಬಿಡಬಹುದು. ಒತ್ತಡ ಇರುವಾಗಲೇ ಪ್ರೊಪೆಲ್ಲರ್ ಶಾಫ್ಟ್, ಡ್ರೈವ್‌ಶಾಫ್ಟ್ (ಎಂಜಿನ್ನಿನಿಂದ ಕೆಳಗಿಳಿಯುವ ಶಾಫ್ಟ್) ತಿರುಗಿಸಿ, ಗೇರ್ ಬದಲಿಸುವ ರಾಡ್ ಆಡಿಸಿ. ನಿಂತ ಶಾಫ್ಟಿನಲ್ಲಿ ಸೋರದ ಸೀಲ್ ತಿರುಗುವಾಗ ಸೋರಬಹುದು.

ಗೇಜು ಇಳಿದರೆ ಸೋಪಿನ ನೀರು ಬಳಿಯಿರಿ, ಮೊದಲು ಅಡಾಪ್ಟರಿಗೆ; ಸೋರುವ ಕಡೆ ಗುಳ್ಳೆ ಏಳುತ್ತದೆ. ಎಷ್ಟೋ ಸಲ ಸೋರುವುದು ಅದೇ. ಬಿಸಿಲಲ್ಲಿದ್ದ ಗೇರ್‌ಕೇಸನ್ನು ಆಗ ತಾನೇ ನೆರಳಿಗೆ ತಂದಿದ್ದರೂ ಮೋಸ ಹೋಗುತ್ತೀರಿ. ಒಳಗಿನ ಗಾಳಿ 10 ಡಿಗ್ರಿ ತಣ್ಣಗಾದರೆ ಸಾಕು, ಯಾವ ಸೋರಿಕೆಯಿಲ್ಲದೆ 10 ಪಿಎಸ್‌ಐಯಲ್ಲಿ 0.8 ಇಳಿಯುತ್ತದೆ. ವ್ಯಾಕ್ಯೂಮ್ ಗೇಜಿನಲ್ಲಿ 3–5 ಇಂಚಿನಿಂದ (ಪಾದರಸದ ಇಂಚು) ಶುರುಮಾಡಿ 15ಕ್ಕೆ ಹೋಗಿ. ಗುಳ್ಳೆ ಕಾಣದ ಈ ಪರೀಕ್ಷೆಯಲ್ಲಿ ಅನುಮಾನವಿರುವ ಸೀಲಿನ ಸುತ್ತ ದಪ್ಪ ಎಣ್ಣೆ ಹಚ್ಚಿದರೆ, ಸೋರುವ ಕಡೆ ಅದು ಒಳಗೆ ಸೇರಿಹೋಗುತ್ತದೆ.

ಮಲ್ಪೆ, ಗಂಗೊಳ್ಳಿಯಂಥ ಕಡೆ ನಾಡದೋಣಿಗಳಿಗೆ ಮುಖ್ಯ ಶತ್ರು ಬಲೆಯ ನೂಲು. ಪ್ರೊಪೆಲ್ಲರ್ ಹಿಂದೆ ಸುತ್ತಿಕೊಂಡು ಸೀಲನ್ನು ಕೊಯ್ಯುತ್ತದೆ. ಆಗಾಗ ಪ್ರೊಪೆಲ್ಲರ್ ತೆಗೆದು ನೋಡದೆ ಬೇರೆ ದಾರಿಯಿಲ್ಲ. ಶಾಫ್ಟಿನ ಮೇಲೆ ಉಗುರಿಗೆ ತಗಲುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ಹೆಚ್ಚು ದಿನ ಬಾಳದು. ಹಳೆಯದನ್ನು ಕೀಳುವ ಮುನ್ನ ತುಟಿ ಯಾವ ಕಡೆಗಿದೆ ಎಂದು ಗುರುತಿಟ್ಟುಕೊಳ್ಳಿ, ಕೆಲವು ಎಂಜಿನ್‌ಗಳಲ್ಲಿ ಎರಡೂ ನೀರಿನ ಕಡೆಗೇ ಇರುತ್ತವೆ. ವಾಟರ್ ಪಂಪ್ ಬಿಚ್ಚಿದಾಗ ಅದರಡಿಯ ಡ್ರೈವ್‌ಶಾಫ್ಟ್ ಸೀಲನ್ನೂ ಬದಲಿಸಿಬಿಡಿ.

ಎಣ್ಣೆ ತುಂಬುವುದು ಕೆಳಗಿನಿಂದ. ಮೇಲೆ ಗುಳ್ಳೆಯಿಲ್ಲದೆ ಉಕ್ಕಿದಾಗ ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು. 100 ಗಂಟೆ ಅಥವಾ 6 ತಿಂಗಳಿಗೊಮ್ಮೆ ಎಣ್ಣೆ ಬದಲಿಸುವಾಗ ವಾಷರ್‌ಗಳೂ ಹೊಸವಿರಲಿ.

ರಿಪೇರಿ ಅಂಗಡಿಯವರು ಇದನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಒಂದೇ ದೋಣಿ ಇರುವವರಿಗೆ ತುಸು ಹೆಚ್ಚೇ ಆಯಿತು. ದಡದಲ್ಲಿ ನಾಲ್ಕಾರು ಮಂದಿ ಸೇರಿ ಒಂದನ್ನು ತಂದುಕೊಂಡರೆ ನಡೆಯುತ್ತದೆ, ಅಡಾಪ್ಟರ್ ಮಾತ್ರ ಅವರವರ ಎಂಜಿನ್ನಿಗೆ ತಕ್ಕದ್ದು.