ಸ್ಲೈಡ್ ಹಿಂದೆ ಮುಂದೆ ಮಾಡಿದರೆ ಲಿಂಕ್ ಉಳಿಯುತ್ತಾ? ಪವರ್‌ಪಾಯಿಂಟ್ ಬಗ್ಗೆ ನನ್ನ ಅನಿಸಿಕೆ

ಸ್ಲೈಡೆಲ್ಲ ರೆಡಿ, ಒಂದು ಸ್ಲೈಡಿನಿಂದ ಇನ್ನೊಂದಕ್ಕೆ ಹೋಗುವ ಲಿಂಕೂ ಹಾಕಿ ಆಯ್ತು, ಅಷ್ಟರಲ್ಲಿ ಯಾರಾದರೂ "ಈ ಭಾಗ ಮೊದಲು ಬರಲಿ, ಅದು ಕೊನೆಗೆ ಹೋಗಲಿ" ಅಂದೇ ಅನ್ನುತ್ತಾರೆ. ಆಗ ಲಿಂಕ್ ಎಲ್ಲ ಮತ್ತೆ ಹಾಕಬೇಕಾ ಅಂತ ಹೆದರುವವರು ತುಂಬಾ ಜನ. ಬೇಕಾಗಿಲ್ಲ. ಈ ವಿಷಯದಲ್ಲಿ ಪವರ್‌ಪಾಯಿಂಟನ್ನು ಧೈರ್ಯವಾಗಿ ನಂಬಬಹುದು.

ಇನ್ಸರ್ಟ್‌ನಲ್ಲಿ ಲಿಂಕ್, ಅಲ್ಲಿ 'ಪ್ಲೇಸ್ ಇನ್ ದಿಸ್ ಡಾಕ್ಯುಮೆಂಟ್' ಒತ್ತಿ ಪಟ್ಟಿಯಿಂದ ಸ್ಲೈಡ್ ಆರಿಸಿದರೆ, ಲಿಂಕ್ ಅಂಟಿಕೊಳ್ಳುವುದು ಆ ಸ್ಲೈಡಿಗೇ, ಅದರ ನಂಬರಿಗಲ್ಲ. ಪ್ರತಿ ಸ್ಲೈಡಿಗೂ ಫೈಲಿನೊಳಗೆ ಒಂದು ಐಡಿ, ಅಂದರೆ ಗುರುತಿನ ಸಂಖ್ಯೆ, ಇರುತ್ತದೆ. 256ರಿಂದ ಶುರುವಾಗುವ ಈ ಸಂಖ್ಯೆ, ಸ್ಲೈಡ್ ಜಾಗ ಬದಲಿಸಿದರೂ ಬದಲಾಗುವುದಿಲ್ಲ. 5ನೇ ಸ್ಲೈಡನ್ನು ಎಳೆದು 12ನೇ ಜಾಗಕ್ಕೆ ಬಿಡಿ, ಲಿಂಕ್ ಹಾಕಿದ ಬಟನ್ ಅಲ್ಲಿಗೇ ಕರೆದುಕೊಂಡು ಹೋಗುತ್ತದೆ. ಗೂಗಲ್ ಸ್ಲೈಡ್ಸ್‌ನಲ್ಲೂ ಹೀಗೇ, ಪ್ರತಿ ಸ್ಲೈಡಿಗೂ ಸ್ವಂತ ಐಡಿ.

ಎಡವಟ್ಟಾಗುವುದು ಬೇರೆ ಕಡೆ. ಅದೇ ಪಟ್ಟಿಯ ಮೇಲ್ತುದಿಯಲ್ಲಿ 'ನೆಕ್ಸ್ಟ್ ಸ್ಲೈಡ್', 'ಪ್ರೀವಿಯಸ್ ಸ್ಲೈಡ್' ಅಂತಲೂ ಇವೆ. ಅವು ಜಾಗವನ್ನು ನೋಡುತ್ತವೆ, ಸ್ಲೈಡನ್ನಲ್ಲ. ವಿವರದ ಸ್ಲೈಡ್ ಸದ್ಯ ಪಕ್ಕದಲ್ಲೇ ಇದೆಯಲ್ಲ ಅಂತ 'ನೆಕ್ಸ್ಟ್' ಕೊಟ್ಟಿದ್ದರೆ, ನಾಳೆ ಮಧ್ಯೆ ಇನ್ನೊಂದು ಸ್ಲೈಡ್ ಬಂದು ಕೂತಾಗ ಲಿಂಕ್ ಸುಮ್ನೆ ತಪ್ಪು ಕಡೆ ಹೋಗುತ್ತದೆ, ಎಚ್ಚರಿಕೆ ಏನೂ ಬರುವುದಿಲ್ಲ. ವಾಪಸ್ ಬರುವ ಬಟನ್‌ಗೆ ಮಾತ್ರ, ಇನ್ಸರ್ಟ್‌ನಲ್ಲೇ ಸಿಗುವ ಆ್ಯಕ್ಷನ್‌ನಲ್ಲಿರುವ 'ಲಾಸ್ಟ್ ಸ್ಲೈಡ್ ವ್ಯೂಡ್' ಹಾಕಿ. ಎಲ್ಲಿಂದ ಬಂದಿರೋ ಅಲ್ಲಿಗೇ ಹೋಗುತ್ತದೆ, ಕ್ರಮ ಹೇಗಿದ್ದರೂ ಸರಿ. ನನಗೆ ಇದರಲ್ಲಿ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಇದೇ, ಆದರೆ ಇದನ್ನು ಬಳಸುವವರು ಕಮ್ಮಿ.

ಇನ್ನೊಂದು ವಿಷಯ, ಸ್ಲೈಡ್ ಡೂಪ್ಲಿಕೇಟ್ ಮಾಡಿ, ಕಾಪಿಯನ್ನು ತಿದ್ದಿ, ಹಳೆಯದನ್ನು ಅಳಿಸುವ ಅಭ್ಯಾಸ ಎಷ್ಟೋ ಜನರಿಗಿದೆ. ನೋಡೋಕೆ ಎರಡೂ ಒಂದೇ, ಆದರೆ ಕಾಪಿಗೆ ಹೊಸ ಐಡಿ. ಲಿಂಕ್ ಇದ್ದದ್ದು ಹಳೆಯದಕ್ಕೆ, ಅದೇ ಇಲ್ಲ ಅಂದಮೇಲೆ ಲಿಂಕೂ ಕೆಲಸಕ್ಕೆ ಬರುವುದಿಲ್ಲ. ಲಿಂಕ್ ಇರುವ ಸ್ಲೈಡನ್ನು ಅಲ್ಲೇ ತಿದ್ದಿ. ಬೇರೆ ಫೈಲಿಗೆ ಒಯ್ದಾಗಲಂತೂ ಪ್ರತಿ ಲಿಂಕನ್ನೂ ಒತ್ತಿ ನೋಡಲೇಬೇಕು.

ಪರಿವಿಡಿ ಸ್ಲೈಡಿನಲ್ಲಿ ಕೈಯಾರೆ ಬರೆದ 'ಸ್ಲೈಡ್ 12' ಅನ್ನುವ ಸಂಖ್ಯೆ ತಾನಾಗಿ ಬದಲಾಗುವುದಿಲ್ಲ. ಲಿಂಕ್ ಸರಿಯಾದ ಕಡೆ ಹೋದರೂ ಬರಹ ಸುಳ್ಳು ಹೇಳುತ್ತದೆ. ಸಂಖ್ಯೆ ಬಿಟ್ಟು ಹೆಸರು ಬರೆಯಿರಿ.

ಶೀರ್ಷಿಕೆಯ ಬಗ್ಗೆಯೂ ಹೇಳಬೇಕು. ಟೈಟಲ್ ಇಲ್ಲದ ಸ್ಲೈಡ್ ಪಟ್ಟಿಯಲ್ಲಿ ಬರೀ 'ಸ್ಲೈಡ್ 7' ಅಂತ ಕಾಣುತ್ತದೆ. ಅಂಥವು ಹತ್ತಾರು ಇದ್ದರೆ ಯಾವುದು ಯಾವುದೋ ಗೊತ್ತಾಗಲ್ಲ, ತಪ್ಪು ಆಯ್ಕೆ ಆಗುವುದು ಅಲ್ಲೇ. ಟೈಟಲ್ ಇಲ್ಲದವನ್ನು ಪವರ್‌ಪಾಯಿಂಟಿನ ಆ್ಯಕ್ಸೆಸಿಬಿಲಿಟಿ ಚೆಕ್ಕರ್ (ಸ್ಲೈಡುಗಳು ಅಂಗವಿಕಲರಿಗೂ ಬಳಸಲು ಆಗುವಂತಿವೆಯಾ ಅಂತ ನೋಡುವ ಸೌಲಭ್ಯ) ಹುಡುಕಿ ಕೊಡುತ್ತದೆ, ಮೊದಲು ಅದನ್ನು ಓಡಿಸಿ, ಆಮೇಲೆ ಲಿಂಕ್ ಹಾಕಿ.

ನನ್ನ ದೊಡ್ಡ ದೂರು ಒಂದೇ. ಇಷ್ಟು ವರ್ಷ ಹಳೆಯ ಸಾಫ್ಟ್‌ವೇರ್, ಆದರೂ ಸ್ಲೈಡ್ ಅಳಿಸುವಾಗ "ಇದಕ್ಕೆ ಲಿಂಕ್ ಇದೆ, ಅಳಿಸಲಾ?" ಅಂತ ಒಂದು ಮಾತು ಕೇಳುವುದಿಲ್ಲ. ಅದು ಬರುವ ತನಕ ಎಫ್5 ಒತ್ತಿ ಸ್ಲೈಡ್ ಶೋ ಶುರುಮಾಡಿ, ಒಂದೊಂದೇ ಬಟನ್ ಕ್ಲಿಕ್ ಮಾಡಿ ನೋಡುವುದೇ ದಾರಿ.